ಗಿಡ ನೆಡುವ ಮೊದಲು ನೀರು ನೋಡಿ: ನಿಮ್ಮ ಹಳ್ಳದ ರಾಮಪತ್ರೆ ಜಡ್ಡಿ ಉಳಿಸಿಕೊಳ್ಳುವ ಬಗೆ

ಮಳೆ ಹಿಡಿಯುವ ಹೊತ್ತಿಗೆ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. “ನಮ್ಮ ಬೆಟ್ಟದ ಬುಡದಲ್ಲಿ ಒಂದು ಜಡ್ಡಿ ಇದೆ. ಅಲ್ಲಿ ಯಾವ ಗಿಡ ನೆಡೋಣ?” ಜಡ್ಡಿ ಎಂದರೆ ಸದಾ ತೇವ ಇರುವ ಕೆಸರು ಕಾಡು. ನನ್ನ ಉತ್ತರವೂ ಪ್ರತಿ ವರ್ಷ ಒಂದೇ. ಈ ವರ್ಷ ಏನೂ ನೆಡಬೇಡಿ. ಮೊದಲು ನೀರು ನೋಡಿ.

ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಗುದ್ದಲಿ ಹಿಡಿದು ಬಂದವರಿಗೆ ಸುಮ್ನೆ ಕೂತು ನೋಡಿ ಎಂದರೆ ಹೇಗೆ, ಅಲ್ವಾ? ಆದರೆ ಜಡ್ಡಿಯ ವಿಷಯದಲ್ಲಿ ಕೆಲಸದ ಕ್ರಮ ತಪ್ಪಿದರೆ ಇರುವುದೂ ಹೋಗುತ್ತದೆ. ನೀರು, ನೆರಳು, ನಿಂತಿರುವ ಮರ, ಬಿದ್ದ ಬೀಜ. ಇವು ಇದೇ ಕ್ರಮದಲ್ಲಿ ಬರಬೇಕು. ಗಿಡ ನೆಡುವುದು ಕೊನೆಗೆ.

ಉತ್ತರ ಕನ್ನಡ, ಶಿವಮೊಗ್ಗ ಕಡೆಯಲ್ಲಿ ತೋಟದ ಮೇಲೋ ಕೆಳಗೋ ಹಳ್ಳ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಊರಲ್ಲಿ ಪಾಲಿನ ಜಮೀನು ಇರುವವರಿಗೂ ಇದು ಬೇಕಾಗುತ್ತದೆ. ಯಾಕೆಂದರೆ ಜಡ್ಡಿ ಇರಲಿ, ಹೋಗಲಿ ಎಂದು ತೀರ್ಮಾನ ಮಾಡುವ ಫೋನು ಕರೆ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ.

ಜಡ್ಡಿಯಲ್ಲಿ ಅಂಥದ್ದೇನಿದೆ?

ವರ್ಷವಿಡೀ ನೀರು ಜಿನುಗುವ, ಕಾಲಿಟ್ಟರೆ ಹೂತುಹೋಗುವ ಕೆಸರು ನೆಲವೇ ಜಡ್ಡಿ. ಘಟ್ಟದ ಕಣಿವೆಯಲ್ಲಿ ಸಣ್ಣ ಹಳ್ಳಗಳು ಹುಟ್ಟುವ ಜಾಗದಲ್ಲಿ ಇದು ಹೆಚ್ಚು. ಬೇರೆ ಮರವಾದರೆ ಇಂಥ ಕೆಸರಿನಲ್ಲಿ ಬೇರು ಕೊಳೆತು ಸಾಯುತ್ತದೆ. ರಾಮಪತ್ರೆಯೂ ಸೇರಿದ ಕಾಡುಜಾಯಿಕಾಯಿ ಬಳಗದ ಕೆಲವು ಮರಗಳು ಮಾತ್ರ ಇಲ್ಲೇ ಬದುಕಲು ಕಲಿತಿವೆ. ಕೆಸರಿನೊಳಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರನ್ನೇ ಮೇಲಕ್ಕೆ ಎತ್ತಿ, ಬಗ್ಗಿಸಿ, ಮತ್ತೆ ಕೆಸರಿಗೆ ಇಳಿಸುತ್ತವೆ. ನೋಡಿದರೆ ಯಾರೋ ಮಂಡಿ ಮಡಚಿ ಕೂತಂತೆ ಕಾಣುತ್ತದೆ. ಹೀಗೆ ಮಂಡಿಬೇರು ಬಿಡುವ ಮರದ ಹೆಸರು ಜಿಮ್ನಕ್ರಾಂಥೆರಾ ಕನಾರಿಕಾ. ಹೆಸರಿನಲ್ಲೇ ಕೆನರಾ ಇದೆ ನೋಡಿ. ಇನ್ನೊಂದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಅದು ಕಾಂಡದಿಂದ ಊರುಗೋಲಿನಂತೆ ಬೇರು ಇಳಿಸಿ ನಿಲ್ಲುತ್ತದೆ. ಇದು ಜಗತ್ತಿನ ಅಳಿವಿನಂಚಿನ ಮರಗಳ ಪಟ್ಟಿಯಲ್ಲಿದೆ.

ಕೇರಳದ ದಕ್ಷಿಣ ಭಾಗದ ಇಂಥ ಜಡ್ಡಿಗಳ ಬಗ್ಗೆ ಮೊದಲ ವೈಜ್ಞಾನಿಕ ಬರಹ ಬಂದದ್ದು 1960ರಲ್ಲಿ. ನಮ್ಮ ಕಡೆಯ ಜಡ್ಡಿಗಳ ಸುದ್ದಿ ಹೊರಗೆ ಬಂದದ್ದು ಇನ್ನೂ ತಡವಾಗಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕಂಥ ಕಾಡು. ಹೊನ್ನಾವರದಿಂದ ಸಾಗರಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಇದೆ. ಜನ ಓಡಾಡುವ ಆ ರಸ್ತೆಯ ಬದಿಯ ಕಾಡಿನಲ್ಲಿ 2000ನೇ ಇಸವಿಯಲ್ಲಿ ಜಗತ್ತಿಗೇ ಹೊಸದಾದ ಮರವೊಂದನ್ನು ಗುರುತಿಸಿದರು. ಗೇರು ಬಳಗದ ದೊಡ್ಡ ಮರ. ಊರಿನ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಅಷ್ಟು ದೊಡ್ಡ ಮರ ಅಷ್ಟು ದಿನ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ನಿಮ್ಮ ಹಳ್ಳದಲ್ಲಿ ಏನಿದೆ ಎಂದು ಈಗಲೇ ಹೇಳಲು ಬರುವುದಿಲ್ಲ ಎನ್ನುವುದು ಇದಕ್ಕೇ.

ಮೊದಲ ಹೆಜ್ಜೆ: ಬೇಸಿಗೆಯಲ್ಲಿ ಹಳ್ಳದ ಉದ್ದಕ್ಕೂ ನಡೆಯಿರಿ

ಮಳೆಗಾಲದಲ್ಲಿ ಎಲ್ಲ ಕಡೆಯೂ ನೀರಿರುತ್ತದೆ. ಜಡ್ಡಿ ಯಾವುದು, ಬರೀ ಮಳೆನೀರು ನಿಂತ ಹೊಂಡ ಯಾವುದು ಎಂದು ತಿಳಿಯುವುದಿಲ್ಲ. ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಹೋಗಿ. ಬೆಳಿಗ್ಗೆ ಹೋದರೆ ಒಳ್ಳೆಯದು. ಜೊತೆಗೆ ಆ ಜಾಗ ಬಲ್ಲ ಹಿರಿಯರೊಬ್ಬರು ಇರಲಿ. ದನ ಕಾಯ್ದವರು, ಉಪ್ಪಾಗೆ ಎಂಬ ಹುಳಿಹಣ್ಣು ಕೊಯ್ಯಲು ಹೋಗುವವರು, ಜೇನು ಕೀಳುವವರು. ಪುಸ್ತಕ ನೋಡಿ ಕಲಿತವರಿಗಿಂತ ಇವರ ಕಣ್ಣು ಚುರುಕು.

ನೋಡಬೇಕಾದ ಗುರುತುಗಳು ಇವು. ಕಪ್ಪು ಕೆಸರು. ಮಂಡಿಬೇರು, ಊರುಗೋಲು ಬೇರು. ಮುಂಡಿಗೆ ಪೊದೆ, ಬೆತ್ತದ ಬಳ್ಳಿ. ಕಾಂಡದ ಸುತ್ತ ನೆಲಕ್ಕೆ ಸಮನಾಗಿ ಚಾಚಿದ ಕೊಂಬೆ. ತಾನಾಗಿ ಮುರಿದು ಬಿದ್ದ ರೆಂಬೆಯ ತುದಿಯಲ್ಲಿ ಕೆಂಪು ಅಂಟು. ಇದನ್ನು ನೋಡಲೆಂದು ಕತ್ತಿಯಿಂದ ತೊಗಟೆ ಕೆತ್ತಬೇಡಿ. ಸುಮ್ನೆ ಕುತೂಹಲಕ್ಕೆ ಹಾಕಿದ ಒಂದು ಗಾಯದಿಂದಲೂ ಮರಕ್ಕೆ ರೋಗ ಹೊಗುತ್ತದೆ.

ಗೇರು ಬಳಗದ ಮರಗಳ ಬಗ್ಗೆ ಹುಷಾರು. ಹೊಳಗೇರಿನ ಸೊನೆ ತಾಗಿದರೆ ಮೈ ಸುಟ್ಟು ಗುಳ್ಳೆ ಏಳುವುದು ಮಲೆನಾಡಿನವರಿಗೆ ಗೊತ್ತು. ಗೊತ್ತಿಲ್ಲದ ಮರದ ಹಣ್ಣು, ಎಲೆ, ಸೊನೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲೇ ಹೇಳಿ.

ಒಂದು ನೋಟ್‌ಪುಸ್ತಕ ಇಡಿ. ಮೊದಲ ಪುಟದಲ್ಲಿ ಹಳ್ಳದ ನಕ್ಷೆ ಬರೆಯಿರಿ. ಅಂದ ಬೇಡ, ಅರ್ಥವಾದರೆ ಸಾಕು. ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಡುತ್ತದೆ, ಪೈಪು ಎಲ್ಲಿದೆ, ಯಾರ ತೋಟ ಎಲ್ಲಿ ಶುರುವಾಗುತ್ತದೆ. ಆಮೇಲೆ ದೊಡ್ಡ ಮರಗಳನ್ನು ಎಣಿಸಿ. ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂಕಾಲು ಅಡಿಯಲ್ಲಿ, ಟೇಪು ಸುತ್ತಿ ಸುತ್ತಳತೆ ಬರೆಯಿರಿ. ಊರುಗೋಲು ಬೇರು ಅದಕ್ಕಿಂತ ಮೇಲಿದ್ದರೆ ಬೇರು ಮುಗಿದ ಮೇಲಿನ ಜಾಗದಲ್ಲಿ ಅಳೆಯಿರಿ, ಹಾಗೆಂದು ಬರೆದುಕೊಳ್ಳಿ.

ಈಗ ನಿಜವಾದ ಕೆಲಸ. ಮರಿಗಿಡಗಳನ್ನು ಎಣಿಸಿ. ಮೊಳಕೆ ಎಷ್ಟು, ಸೊಂಟದೆತ್ತರದ್ದು ಎಷ್ಟು, ಆಳೆತ್ತರ ದಾಟಿದ್ದು ಎಷ್ಟು? ದೊಡ್ಡ ಮರ ಹತ್ತಿದ್ದು, ಕೆಳಗೆ ಒಂದೂ ಮರಿ ಇಲ್ಲದಿದ್ದರೆ ಆ ಜಡ್ಡಿಗೆ ವಯಸ್ಸಾಗಿದೆ ಎಂದರ್ಥ. ಹೊರಗಿನಿಂದ ನೋಡುವವರಿಗೆ ಅದು ಸೊಂಪಾದ ಕಾಡು. ಲೆಕ್ಕ ಮಾಡಿದವರಿಗೆ ಮಾತ್ರ ಒಳಗಿನ ಸಂಕಟ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ನೀರು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಜಡ್ಡಿಗಳು ಸಾಯುವುದು ಹೆಚ್ಚಾಗಿ ಕೊಡಲಿಯಿಂದ ಅಲ್ಲ, ಕಾಲುವೆಯಿಂದ.

ನನ್ನ ಕಣ್ಣೆದುರೇ ಒಂದು ಹೋಯಿತು. ನಮ್ಮ ಕಡೆಯ ಒಬ್ಬರು ಅಡಿಕೆಗೆ ಬೆಲೆ ಬಂದ ವರ್ಷ ತೋಟ ವಿಸ್ತರಿಸಲು ಹೊರಟರು. ಜೆಸಿಬಿ ತರಿಸಿ ಜಡ್ಡಿಯ ನಡುವೆ ಉದ್ದಕ್ಕೂ ಬಸಿಗಾಲುವೆ ತೆಗೆಸಿದರು. ಒಂದು ಮರವನ್ನೂ ಕಡಿಯಲಿಲ್ಲ. “ಮರ ಹಾಗೇ ಇವೆಯಲ್ಲ” ಎಂದರು. ಕೆಸರು ಒಣಗಿತು, ಬಿರಿಯಿತು. ಕೆಲವು ವರ್ಷಗಳಲ್ಲಿ ಮರಗಳ ನೆತ್ತಿ ಒಣಗತೊಡಗಿತು. ಕೆಳಗಿನ ತೋಟದವರ ಬಾವಿಯಲ್ಲೂ ಬೇಸಿಗೆಯಲ್ಲಿ ನೀರು ತಳ ಕಂಡಿತು. ಆ ಕಾಲುವೆ ತೆಗೆದ ದಿನ ನಾನೂ ಅಲ್ಲಿ ನಿಂತು ನೋಡುತ್ತಿದ್ದೆ. ಆಗ ನನಗೂ ಇಷ್ಟು ತಿಳಿದಿರಲಿಲ್ಲ.

ಜಡ್ಡಿಯ ಕೆಸರು ಮಳೆಗಾಲದಲ್ಲಿ ನೀರು ಕುಡಿದು, ಬೇಸಿಗೆಯಲ್ಲಿ ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ಅದನ್ನು ಕಾಯುವುದು ಅಡಿಕೆಯ ಲಾಭಕ್ಕೂ ಬೇಕು. ಮಾಡಬೇಕಾದದ್ದು ಇಷ್ಟು.

ಜಡ್ಡಿಯೊಳಗೆ ಹೊಸ ಬಸಿಗಾಲುವೆ ತೆಗೆಯಬೇಡಿ. ಹಳೆಯದು ಇದ್ದರೆ ಒಂದೇ ಸಲ ಮುಚ್ಚಲು ಹೋಗಬೇಡಿ. ಅಲ್ಲಲ್ಲಿ ಕಲ್ಲು, ಮಣ್ಣು, ಬಿದ್ದ ಮರದ ತುಂಡು ಇಟ್ಟು ಮಾರಿಗೊಂದು (ಮಾರು ಎಂದರೆ ಎರಡು ಕೈ ಚಾಚಿದಷ್ಟು ಉದ್ದ) ಸಣ್ಣ ತಡೆ ಮಾಡಿ. ನೀರು ನಿಲ್ಲಬಾರದು, ತಡವರಿಸಬೇಕು. ಮಳೆಗಾಲ ಕಳೆದಂತೆ ಎಲೆ, ಮಣ್ಣು ಸೇರಿ ಕಾಲುವೆ ತಾನೇ ತುಂಬಿಕೊಳ್ಳುತ್ತದೆ.

ತೋಟಕ್ಕೆ ನೀರು ಬೇಕು. ಬೇಡ ಎನ್ನುವುದು ಹೇಗೆ? ಆದರೆ ಪೈಪಿನ ಬಾಯಿಯನ್ನು ಜಡ್ಡಿಯ ಕೆಳಗೆ ಇಡಿ, ಮೇಲೆ ಬೇಡ. ಮೇಲಿನಿಂದ ನೀರೆತ್ತಿದರೆ ಜಡ್ಡಿಗೆ ಬರುವ ನೀರೇ ಕಡಿತವಾಗುತ್ತದೆ. ಕೆಳಗಿನಿಂದ ಎತ್ತಿದರೆ ಜಡ್ಡಿ ದಾಟಿ ಬಂದ ನೀರು ನಿಮಗೆ. ಎತ್ತರ ಕಡಿಮೆಯಾಗಿ ಪಂಪು ಬೇಕಾಗಬಹುದು, ಖರ್ಚು ಇದೆ. ಇದೊಂದು ಖರ್ಚು ಮಾಡಲೇಬೇಕಾದ್ದು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕಾಂಕ್ರೀಟ್ ಕಟ್ಟೆ ಕಟ್ಟಿ ಜಡ್ಡಿಯನ್ನು ಕೆರೆ ಮಾಡಬೇಡಿ. ಇದೂ ಪ್ರೀತಿಯಿಂದಲೇ ಆಗುವ ಅನಾಹುತ. ಮಂಡಿಬೇರು ಇರುವುದು ಗಾಳಿಗಾಗಿ. ಅದು ತಿಂಗಳಾನುಗಟ್ಟಲೆ ನೀರಿನಡಿ ಮುಳುಗಿದರೆ ಮರ ಉಸಿರುಗಟ್ಟುತ್ತದೆ. ಇಂಗುಗುಂಡಿ ತೋಡುವ ಆಸೆ ಇದ್ದರೆ ಮೇಲಿನ ಬೋಳು ಗುಡ್ಡದಲ್ಲಿ ತೋಡಿ. ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಕಲ್ಲು ಮಣ್ಣಿನ ಕಟ್ಟ ಹಾಕುವ ರೂಢಿ ನಮ್ಮಲ್ಲಿದೆ. ಅದನ್ನು ಜಡ್ಡಿ ಮುಗಿದ ಕೆಳಗಿನ ಹಳ್ಳದಲ್ಲಿ ಹಾಕಿ.

ನೀರನ್ನು ಅಳೆಯಿರಿ. ಇದಕ್ಕೆ ಯಂತ್ರ ಬೇಡ, ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಹಳ್ಳ ಸಣ್ಣದಾಗಿ ಧುಮುಕುವ ಒಂದು ಜಾಗ ಹುಡುಕಿ. ಇಲ್ಲದಿದ್ದರೆ ಸೀಳಿದ ಅಡಿಕೆ ಮರದ ದೋಣಿ ಇಟ್ಟು ನೀರು ಒಂದೇ ಕಡೆ ಬೀಳುವಂತೆ ಮಾಡಿ. 20 ಲೀಟರ್ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಫೆಬ್ರವರಿಯಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಇದೇ ಜಾಗದಲ್ಲಿ ಅಳೆದು ತಾರೀಕು ಹಾಕಿ ಬರೆಯಿರಿ. ಪಕ್ಕದ ತೋಟದವರೊಡನೆ ಮಾತಾಡುವಾಗ ಈ ಪುಸ್ತಕದಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಮೂರನೇ ಹೆಜ್ಜೆ: ವಿಷ ಹೋಗದಂತೆ ನೋಡಿಕೊಳ್ಳಿ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಇಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ನಾವೂ ಹೊಡೆಯುತ್ತೇವೆ. ತೊಂದರೆ ಹೆಚ್ಚಾಗುವುದು ಹೊಡೆದ ಮೇಲೆ. ಡ್ರಮ್ಮು, ಪಂಪು, ಬಕೆಟ್ಟು ಎಲ್ಲವನ್ನೂ ಹಳ್ಳಕ್ಕೆ ಒಯ್ದು ತೊಳೆಯುತ್ತೇವೆ. ತಾಮ್ರದ ನೀರು ಮೀನಿಗೂ ಗೊದಮೊಟ್ಟೆಗೂ ವಿಷ. ಕಪ್ಪೆಗಳು ಮೊಟ್ಟೆ ಇಡುವ ಕಾಲವೂ ಅದೇ ಮಳೆಗಾಲ. ಡ್ರಮ್ಮನ್ನು ತೋಟದ ಮೇಲಿನ ಬಯಲಲ್ಲಿ, ಹಳ್ಳದಿಂದ ದೂರ ತೊಳೆಯಿರಿ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ. ಹಳ್ಳದ ದಂಡೆಯಲ್ಲಿ ಕಳೆನಾಶಕ ಬೇಡವೇ ಬೇಡ, ಕತ್ತಿ ಸಾಕು.

ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯುವವರು ಊರೂರಲ್ಲೂ ಇದ್ದಾರೆ. ಒಂದು ಸಂಜೆಯ ಸಾರಿಗಾಗಿ ಹಳ್ಳದ ಏಡಿ, ಕಪ್ಪೆ, ಹುಳ ಎಲ್ಲವೂ ಸಾಯುತ್ತವೆ. ಅವರನ್ನು ಬೈಯುವ ಮುಂಚೆ ಅವರೊಡನೆ ಕೂತು ಮಾತಾಡಿ. ಗಾಳ ಹಾಕಿ ಹಿಡಿಯಲು ಯಾರೂ ಅಡ್ಡಿ ಮಾಡುವುದಿಲ್ಲ ಎಂದು ಹೇಳಿ.

ನಾಲ್ಕನೇ ಹೆಜ್ಜೆ: ನೆರಳು, ದರಕು, ದಂಡೆ

ಜಡ್ಡಿಯ ಗಿಡಗಳು ಹುಟ್ಟುವುದು ಕತ್ತಲಲ್ಲಿ. ಮೇಲಿನ ಹೊದಿಕೆ ಹರಿದು ಬಿಸಿಲು ಬಿದ್ದರೆ ಕೆಸರಿನ ತೇವ ಹೋಗುತ್ತದೆ, ಕಳೆ ನುಗ್ಗುತ್ತದೆ.

ಉತ್ತರ ಕನ್ನಡದ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬಂದಿದೆ. ಅದರಲ್ಲಿ ಸೊಪ್ಪು ಕಡಿಯುವ, ದರಕು (ಉದುರಿದ ಒಣ ಎಲೆ) ಗುಡಿಸುವ ಹಕ್ಕು ನಮ್ಮದು. ಆ ಹಕ್ಕನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹಳ್ಳದ ಎರಡು ಬದಿ 15 ಮಾರಿನಷ್ಟು ಜಾಗ ಮಾತ್ರ ಮುಟ್ಟದೆ ಬಿಡಿ ಎನ್ನುತ್ತೇನೆ. ಅಷ್ಟು ಆಗದಿದ್ದರೆ 5 ಮಾರಾದರೂ ಬಿಡಿ. ಇದು ಕಾನೂನಿನ ಅಳತೆ ಅಲ್ಲ, ನೋಡಿ ನೋಡಿ ನಾನು ಕಂಡುಕೊಂಡದ್ದು. ಅಲ್ಲಿ ಸೊಪ್ಪು ಬೇಡ, ದರಕು ಬೇಡ, ಬಿದ್ದ ಮರವನ್ನು ಸೌದೆಗೆ ಎತ್ತುವುದೂ ಬೇಡ.

ದಂಡೆಯನ್ನು ಮಳೆಗಾಲದಲ್ಲಿ ಚೊಕ್ಕ ಮಾಡಲು ಹೋಗಬೇಡಿ. ಇದಕ್ಕೊಂದು ಚಂದದ ಕಾರಣ ಇದೆ. ಕಪ್ಪೆಗಳ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಕತ್ತಲೆಕಾನಿನ ಹಳ್ಳದಿಂದ ಒಂದು ಹೊಸ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದರು. ಅದಕ್ಕೆ ಇಟ್ಟ ಹೆಸರು ಕುಂಬಾರ ಕಪ್ಪೆ. ಹೆಣ್ಣು ಕಪ್ಪೆ ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಮಣ್ಣು ತೆಗೆದು, ಮೊಟ್ಟೆಗೆ ಮೆತ್ತುತ್ತದೆ. ಥೇಟ್ ಮಡಕೆ ಮೆತ್ತುವವರ ಹಾಗೆ. ಮೊಟ್ಟೆ ಒಣಗಬಾರದು, ಹಗೆಯ ಕಣ್ಣಿಗೆ ಬೀಳಬಾರದು ಎಂದು. ನಾವು ದಂಡೆಯ ಕಡ್ಡಿ ಕಸ ಸವರಿ ಹಾಕಿದರೆ ಆ ಮೊಟ್ಟೆ ಎಲ್ಲಿ ಹೋಗಬೇಕು?

ರಾತ್ರಿ ಟಾರ್ಚು ಹಿಡಿದು ಅದನ್ನು ನೋಡುವ ಆಸೆ ಆಗುತ್ತದೆ. ಹೋಗುವುದಾದರೆ ಇಬ್ಬರೇ ಹೋಗಿ. ಹಳ್ಳದೊಳಗೆ ಇಳಿಯಬೇಡಿ, ಕಪ್ಪೆ ಹಿಡಿಯಬೇಡಿ, ಮೊಟ್ಟೆ ಮುಟ್ಟಬೇಡಿ. ದಂಡೆಯ ಮೇಲೆ ಕೂತು ಕಿವಿಗೊಟ್ಟರೆ ಸಾಕು. ಹಗಲಲ್ಲಿ ಹೋದರೆ ಏರೋಪ್ಲೇನ್ ಚಿಟ್ಟೆಯ ಸಣಕಲು ತಂಗಿಯಂಥ ಹುಳವೊಂದು ನೆರಳಿನಲ್ಲಿ ತೂಗುತ್ತಿರುತ್ತದೆ. ಹೆಸರು ಮಿರಿಸ್ಟಿಕಾ ಬ್ಯಾಂಬೂಟೇಲ್. ಮರದ ಹೆಸರೇ ಹುಳಕ್ಕೂ ಅಂಟಿದೆ.

ದನ ಮೇಯುವ ಜಾಗವಾದರೆ ಜಡ್ಡಿಯ ಬಾಯಿಗೆ ಒಂದು ಜೀವಂತ ಬೇಲಿ ಹಾಕಿ. ಬೇಸಿಗೆಯಲ್ಲಿ ಎಮ್ಮೆ ತಂಪು ಹುಡುಕಿ ಬಂದು ಹೊರಳಿದರೆ ಆ ವರ್ಷದ ಮೊಳಕೆ ಅಷ್ಟೂ ಹೋಯಿತು. ಬೆಂಕಿಯ ಭಯ ಇರುವ ಕಡೆ ಜನವರಿಯಲ್ಲೇ ಮೇಲಿನ ಗುಡ್ಡದ ಅಂಚಿನಲ್ಲಿ ದರಕು ಸರಿಸಿ ಬೆಂಕಿಗೆರೆ ಮಾಡಿ.

ಐದನೇ ಹೆಜ್ಜೆ: ಹಣ್ಣು ಯಾರದು?

ಬೀಜ ಮೊಳೆಯಬೇಕಾದರೆ ಮೊದಲು ಅದು ಮರದಲ್ಲಿ ಹಣ್ಣಾಗಬೇಕು. ರಾಮಪತ್ರೆಗೆ, ಅಂದರೆ ಬೀಜವನ್ನು ಸುತ್ತಿರುವ ಕೆಂಪು ಪತ್ರೆಗೆ, ಪೇಟೆಯಲ್ಲಿ ಬೆಲೆ ಇದೆ. ಬೇರೆಯವರು ಕೊಯ್ದುಬಿಡುತ್ತಾರೆ ಎಂಬ ಆತುರದಲ್ಲಿ ಕಾಯಿ ಬಲಿಯುವ ಮುಂಚೆಯೇ ಕೊಂಬೆ ಕಡಿದು ಇಳಿಸುವುದುಂಟು. ಹಾಗೆ ಮಾಡಿದರೆ ಪತ್ರೆಯ ಗುಣವೂ ಇಲ್ಲ, ಬೀಜವೂ ಇಲ್ಲ, ಮುಂದಿನ ವರ್ಷದ ಕೊಂಬೆಯೂ ಇಲ್ಲ. ಊರಿನವರು ಕೂತು ಕೊಯ್ಲಿಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಅದಕ್ಕಿಂತ ಮುಂಚೆ ಯಾರೂ ಹತ್ತುವುದಿಲ್ಲ ಎಂಬ ಮಾತು ಆಗಲಿ. ಹಣ್ಣು ತಾನಾಗಿ ಒಡೆದು ಕೆಂಪು ಪತ್ರೆ ಕಂಡ ಮೇಲೆ ಕೊಕ್ಕೆಯಿಂದ ಕೊಯ್ಯಿರಿ. ಮರದ ನೆತ್ತಿಯ ಹಣ್ಣು ಬಿಡಿ.

ಬಿಟ್ಟದ್ದು ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗೆ, ಕಾಡುಪಾರಿವಾಳಕ್ಕೆ. ಮಂಗಟ್ಟೆ ಹಣ್ಣು ನುಂಗಿ, ಪತ್ರೆ ಅರಗಿಸಿ, ಬೀಜವನ್ನು ದೂರದಲ್ಲಿ ಉಗುಳುತ್ತದೆ. ಇಷ್ಟು ದೊಡ್ಡ ಬೀಜವನ್ನು ಒಂದು ಜಡ್ಡಿಯಿಂದ ಇನ್ನೊಂದಕ್ಕೆ ಒಯ್ಯಬಲ್ಲ ಜೀವಿಗಳು ಕಾಡಿನಲ್ಲಿ ಕೆಲವೇ ಕೆಲವು. ಉಪ್ಪಾಗೆಗೂ ಇದೇ ಮಾತು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಅದು ಮುಖ್ಯ ಆಹಾರ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಪ್ರಾಣಿ ಅದು. 2011ರಲ್ಲಿ ಸರ್ಕಾರ ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ದೊಡ್ಡದು ಮಾಡಿ ಸಿಂಗಳೀಕದ ಹೆಸರನ್ನೇ ಇಟ್ಟರು. ಹತ್ತು ಮರದ ಉಪ್ಪಾಗೆಯಲ್ಲಿ ಎರಡು ಮರದ್ದನ್ನು ಬಿಡುವುದು ನಮಗೆ ಅಷ್ಟೇನೂ ಕಷ್ಟ ಅಲ್ಲ.

ಆರನೇ ಹೆಜ್ಜೆ: ಕಾಗದ ಪತ್ರ

ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಮೊದಲು ಪಹಣಿ ತೆಗೆಸಿ, ಜಡ್ಡಿ ಯಾವ ಸರ್ವೆ ನಂಬರಿನಲ್ಲಿದೆ ನೋಡಿ. ಸ್ವಂತದ ಮಾಲ್ಕಿಯೋ, ಸೊಪ್ಪಿನಬೆಟ್ಟವೋ, ಮೀಸಲು ಅರಣ್ಯವೋ? ಬೆಟ್ಟ ನಿಮ್ಮ ಅನುಭೋಗದಲ್ಲಿದ್ದರೂ ಅದು ಅರಣ್ಯವೇ. ಅಲ್ಲಿ ಬೀಜ ಎತ್ತಲು, ಗಿಡ ನೆಡಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ಬರೆದು ಕೇಳಿ. ಅಭಯಾರಣ್ಯದ ಒಳಗಿನಿಂದ ಒಂದು ಬೀಜವನ್ನೂ ತರಬೇಡಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಪ್ರಾಣಿ, ಬೀಜ, ಮದ್ದಿನ ಗಿಡ ಎಲ್ಲವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಆ ಸಮಿತಿಯ ಕೆಲಸ. ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ನಿಮ್ಮ ಜಡ್ಡಿ ಅದರಲ್ಲಿ ಇದೆಯಾ? ಇಲ್ಲದಿದ್ದರೆ ನಿಮ್ಮ ನಕ್ಷೆ, ಮರದ ಲೆಕ್ಕ, ನೀರಿನ ಲೆಕ್ಕ ಲಗತ್ತಿಸಿ ಒಂದು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ರಸ್ತೆ, ಪೈಪ್‌ಲೈನ್ ಏನಾದರೂ ಬಂದಾಗ “ಇಲ್ಲಿ ಜಡ್ಡಿ ಇತ್ತು” ಎಂದು ಬಾಯಲ್ಲಿ ಹೇಳುವುದಕ್ಕೂ, ದಾಖಲೆ ತೋರಿಸುವುದಕ್ಕೂ ಅಜಗಜಾಂತರ.

ಅದೇ ಕಾಯ್ದೆಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸುವ ಅವಕಾಶವೂ ಇದೆ. ದೇಶದ ಮೊದಲ ಇಂಥ ತಾಣ ನಮ್ಮದೇ, ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ನಮ್ಮದು ತೀರಾ ಸಣ್ಣ ಜಾಗ, ಯಾರು ಕೇಳುತ್ತಾರೆ ಎನ್ನಬೇಡಿ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯ ಕಾಡುಜಾಯಿಕಾಯಿ ಜಡ್ಡಿಗೆ 2021ರಲ್ಲಿ ಈ ಸ್ಥಾನ ಸಿಕ್ಕಿತು. ಅದರ ವಿಸ್ತಾರ 2.59 ಹೆಕ್ಟೇರ್, ಅಂದರೆ ಆರೂವರೆ ಎಕರೆಗಿಂತ ಕಡಿಮೆ.

ಜಡ್ಡಿ ಚೌಡಿಯದೋ ಜಟಗನದೋ ದೇವರ ಬನವಾಗಿದ್ದರೆ ಅರ್ಧ ಕೆಲಸ ಹಿರಿಯರೇ ಮಾಡಿಟ್ಟಿದ್ದಾರೆ. ಗುಡಿ ಕಟ್ಟುವ ಮಾತು ಬಂದಾಗ ಊರ ಸಭೆಗೆ ತಪ್ಪದೆ ಹೋಗಿ. ಸಿಮೆಂಟಿನ ಚಪ್ಪರ, ವಾಹನ ನಿಲ್ಲಿಸುವ ಜಾಗ ಎಂದು ಶುರುವಾದರೆ ಮೊದಲು ಮುಚ್ಚುವುದು ಜಡ್ಡಿಯನ್ನೇ. ದೇವರು ಮರದಡಿ ಕೂತದ್ದು ಮರ ಬೇಕೆಂದೇ ಅಲ್ವಾ ಎಂದು ಹಿರಿಯರ ಬಾಯಲ್ಲೇ ಕೇಳಿಸಿ.

ಫೋಟೋ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಗಕ್ಕೆ ಹಾಕಿದರೆ ಗೊತ್ತಿರುವವರು ಮರದ ಹೆಸರು ಹೇಳಿಕೊಡುತ್ತಾರೆ. ಅಪರೂಪದ ಮರವಾದರೆ ನಿಖರವಾದ ಜಾಗ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಶಿರಸಿಯ ಅರಣ್ಯ ಕಾಲೇಜಿನವರು ಕತ್ತಲೆಕಾನಿನ ಗೇರು ಮರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗುರುತು ಸಿಗದ ಮರ ಇದ್ದರೆ ಅವರನ್ನು ಕೇಳುವುದು ಒಳ್ಳೆಯದು.

ಏಳನೇ ಹೆಜ್ಜೆ: ಈಗ ಗಿಡ

ಒಂದು ಬೇಸಿಗೆ ಪೂರ್ತಿ ನೀರು ನಿಂತಿದೆ, ನೆರಳಿದೆ, ಆದರೂ ಮರಿ ಇಲ್ಲ ಎಂದು ನಿಮ್ಮ ಪುಸ್ತಕ ಹೇಳಿದರೆ ಮಾತ್ರ ಬೀಜಕ್ಕೆ ಕೈ ಹಾಕಿ.

ಕಾಡುಜಾಯಿಕಾಯಿಯ ಬೀಜ ರಾಗಿ, ಭತ್ತದ ಹಾಗೆ ಡಬ್ಬಿಯಲ್ಲಿಡುವಂಥದ್ದಲ್ಲ. ಒಣಗಿದರೆ ಸತ್ತಂತೆಯೇ. ಬಿಸಿಲಿಗೆ ಹರವಬೇಡಿ, ಫ್ರಿಜ್ಜಿನಲ್ಲಿಡಬೇಡಿ. ಒಂದೊಂದು ಮರದ ಹಣ್ಣಿನ ಕಾಲ ಒಂದೊಂದು. ಹಾಗಾಗಿ ಮರದ ಮೇಲೇ ಕಣ್ಣಿಡಬೇಕು. ಬಿದ್ದ ಹೊಸ ಬೀಜವನ್ನು ಮಾತ್ರ ಆರಿಸಿ. ತೂತು ಬಿದ್ದದ್ದು, ಹಗುರಾದದ್ದು ಬೇಡ. ಒಂದೇ ಮರದ ಬುಡದಿಂದ ಎಲ್ಲವನ್ನೂ ತರಬೇಡಿ. ನಾಲ್ಕೈದು ತಾಯಿಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ, ಅರ್ಧಕ್ಕಿಂತ ಜಾಸ್ತಿಯನ್ನು ಅಲ್ಲೇ ಬಿಡಿ. ಒದ್ದೆ ಎಲೆಯಲ್ಲಿ ಸುತ್ತಿ ಮನೆಗೆ ತಂದು, ಪತ್ರೆ ಬಿಡಿಸಿ, ಅದೇ ದಿನ ಇಲ್ಲವೇ ಮರುದಿನ ಬಿತ್ತಿ.

ನೆರಳಿನಲ್ಲಿ ಮರಳಿನ ಮಡಿ ಮಾಡಿ, ಬೀಜ ಮುಚ್ಚುವಷ್ಟೇ ಆಳಕ್ಕೆ ಇಡಿ. ಮೇಲೆ ತಂತಿಬಲೆ ಹಾಕಿ, ಇಲಿಯೂ ಏಡಿಯೂ ಬಿಡುವುದಿಲ್ಲ. ತೇವ ಆರಬಾರದು. ಮೊಳಕೆಗೆ ತಿಂಗಳು ಮೀರಿ ಹಿಡಿಯಬಹುದು. ದಿನಾ ಕೆದಕಿ ನೋಡಬೇಡಿ. ನಾಲ್ಕು ಎಲೆ ಬಂದ ಮೇಲೆ ಕಾಡುಮಣ್ಣು, ಹಳೆಯ ಗೊಬ್ಬರ ತುಂಬಿದ ಉದ್ದ ಚೀಲಕ್ಕೆ ಬದಲಿಸಿ. ಎರಡು ಅಡಿ ಎತ್ತರ ಆಗುವ ತನಕ ಮನೆಯ ಹತ್ತಿರವೇ ಇರಲಿ.

ನೆಡುವಾಗ ಒಂದು ವಿಷಯ ನೆನಪಿಡಿ. ಈ ಬಳಗದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿ ನೋಡಿ ಹೇಳಲು ಬರುವುದಿಲ್ಲ. ಒಂದೋ ಎರಡೋ ನೆಟ್ಟರೆ ಎಲ್ಲವೂ ಗಂಡೇ ಆಗಿ, ಹಣ್ಣೇ ಇಲ್ಲದೆ ನಿಂತುಬಿಡಬಹುದು. ಒಂದು ಜಾತಿಯ ಹತ್ತಾದರೂ ಗಿಡಗಳನ್ನು ಗುಂಪಾಗಿ ನೆಡಿ. ಮಂಡಿಬೇರಿನ, ಊರುಗೋಲು ಬೇರಿನ ಮರಗಳು ಕೆಸರಿಗೆ. ಪೇಟೆಯ ರಾಮಪತ್ರೆ ಕೊಡುವ ಮರ ಅಂಚಿನ ತೇವದ ಏರಿಗೆ. ಅದರ ಹಿಂದೆ ಮುರುಗಲು, ಉಪ್ಪಾಗೆ, ಹಳ್ಳದ ದಂಡೆಯ ಅಪ್ಪೆಮಿಡಿ. ದೂರದ ನರ್ಸರಿಯ ಸಸಿ ಬೇಡ, ನಿಮ್ಮ ಕಣಿವೆಯದ್ದೇ ಬೀಜ ಆಗಲಿ. ಅಕೇಶಿಯಾವನ್ನು ಹತ್ತಿರಕ್ಕೂ ತರಬೇಡಿ.

ಸಸಿ ಜಾಸ್ತಿ ಉಳಿದರೆ ಹಾಳಾಗುವುದಿಲ್ಲ. ಜಾಯಿಕಾಯಿ ಕಸಿ ಕಟ್ಟಲು ಕಾಡುಜಾಯಿಕಾಯಿ ಗಿಡವೂ ಬುಡವಾಗಿ ಆಗುತ್ತದೆ. ಕೆಸರಿನ ಜಾತಿಯ ಬುಡಕ್ಕೆ ಕಸಿ ಕಟ್ಟಿ ತೋಟದ ತೇವದ ಜಾಗಕ್ಕೆ ಹಾಕಿಕೊಳ್ಳಬಹುದು. ಜಡ್ಡಿಯಿಂದ ಮನೆಗೆ ನಾಲ್ಕು ಕಾಸು ಬಂದರೆ ಮುಂದಿನ ತಲೆಮಾರಿನವರು ಅದನ್ನು ಮುಚ್ಚುವ ಮೊದಲು ಎರಡು ಸಲ ಯೋಚಿಸುತ್ತಾರೆ.

ನೆಟ್ಟ ಮೇಲೆ ಪ್ರತಿ ಗಿಡಕ್ಕೂ ಒಂದು ಗೂಟ, ಒಂದು ನಂಬರು. ಮೂರು ವರ್ಷ ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯ ತುದಿಯಲ್ಲೊಮ್ಮೆ ಎಣಿಸಿ. ಸತ್ತ ಗಿಡದ ಜಾಗಕ್ಕೆ ಆ ವರ್ಷವೇ ಇನ್ನೊಂದು ಹಾಕಿ. ಮೇ ತಿಂಗಳಲ್ಲಿ ಗಿಡ ಎಣಿಸಲು ಹೋದಾಗ ಬಕೆಟ್ಟನ್ನೂ ಒಯ್ಯಿರಿ. ಅದೇ ಜಾಗದಲ್ಲಿ ಹಿಡಿದು, ಮೊದಲ ವರ್ಷದ ಅಂಕಿಯ ಪಕ್ಕ ಈ ವರ್ಷದ್ದನ್ನು ಬರೆಯಿರಿ. ಬಕೆಟ್ಟು ತುಂಬಲು ಹಿಂದಿಗಿಂತ ಜಾಸ್ತಿ ಹೊತ್ತು ಹಿಡಿದರೆ ಗಿಡ ಎಣಿಸುವುದನ್ನು ಅಲ್ಲೇ ಬಿಟ್ಟು ಹಳ್ಳದ ಮೇಲಕ್ಕೆ ನಡೆಯಿರಿ. ಎಲ್ಲೋ ಒಂದು ಹೊಸ ಪೈಪೋ, ಹೊಸ ಕಾಲುವೆಯೋ ಇರುತ್ತದೆ. ಅದು ಯಾರದ್ದೆಂದು ಕೇಳಿ, ಅವತ್ತು ಸಂಜೆಯೇ ಪುಸ್ತಕ ಹಿಡಿದು ಅವರ ಮನೆಗೆ ಹೋಗಿ.